ಆರು ಜೊತೆ ಚಪ್ಪಲಿ

ಪಾರ್ಕಿನ ಬೆಂಚಿನ ಮೇಲೆ ಕೂತು ಲಾಡು ತಿನ್ನುತ್ತ ಇನ್ನೊಬ್ಬರ ಅಕ್ಕಿಯ ಬಗ್ಗೆ ಮಾತಾಡುವವರನ್ನು ಕಂಡರೆ ಈಗ ನನಗೆ ಆಗುವುದಿಲ್ಲ. ಒಂದೂವರೆ ವರ್ಷ ಅದೇ ಬೆಂಚಿನ ಎಡತುದಿಯಲ್ಲಿ ನಾನೂ ಕೂತಿದ್ದೆ, ಅದೇ ಲಾಡು ತಿಂದಿದ್ದೆ. ಹಾಗಾಗಿ ಇಲ್ಲಿ ಯಾರನ್ನು ಬಯ್ದರೂ ಅದರಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕೊನೆಯ ಹನ್ನೊಂದು ವರ್ಷ ವಾರ್ಡ್ ಸಿಸ್ಟರ್. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಬೆಳಗಿನ ಪಾಳಿ ಮೈಯಿಂದ ಇಳಿದಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ, ಆರಕ್ಕೆ ಗೋವಿಂದರಾಜನಗರದ ನಮ್ಮ ಪಾರ್ಕು, ಆರು ಸುತ್ತು, ಆಮೇಲೆ ಬೆಂಚು, ಏಳು ಹತ್ತಕ್ಕೆ ವಾಪಸ್ ಮನೆ. ಹಾಲಿನವನು ಐದು ನಿಮಿಷ ತಡಮಾಡಿದರೆ ನಾನು ಗೇಟಿನಲ್ಲಿ ನಿಂತಿರುತ್ತೇನೆಂದು ಅವನಿಗೂ ಗೊತ್ತು.

ಬೆಂಚಿನಲ್ಲಿ ನನ್ನ ಜೊತೆ ಇಬ್ಬರು. ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಇನ್ನೊಬ್ಬರು ನಮ್ಮ ಅಡ್ಡರಸ್ತೆಯಲ್ಲೇ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿರುವ ಬಿಲ್ಡಿಂಗ್ ಓನರ್. ಅವರ ತಂದೆಯ ಕಾಲದಲ್ಲಿ ಆ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತಂತೆ. ಮಾತು ಶುಗರ್, ಬಿಪಿ, ಮೊಣಕಾಲು ಎಂದು ಶುರುವಾಗುವುದು, ಕೊನೆಗೆ ರೇಷನ್ ಅಕ್ಕಿಗೆ ಬಂದು ನಿಲ್ಲುವುದು. ಬಡವರ ಕಾರ್ಡಿಗೆ ಸರ್ಕಾರ ಅಕ್ಕಿ ಕೊಡುವುದು ತಲೆ ಲೆಕ್ಕದಲ್ಲಿ. ಮನೆಯಲ್ಲಿ ತಲೆ ಹೆಚ್ಚಿದ್ದರೆ ಅಕ್ಕಿಯೂ ಹೆಚ್ಚು. ಟಿವಿಯಲ್ಲಿ ರಾತ್ರಿ ಕೂಗಾಡಿದ್ದನ್ನು ಬೆಳಿಗ್ಗೆ ಇವರಿಬ್ಬರೂ ಮತ್ತೆ ಕೂಗಾಡುತ್ತಿದ್ದರು.

"ಇಬ್ರು ಮಕ್ಕಳಿಗೆ ನಿಲ್ಲಿಸ್ಬೇಕು ಸಿಸ್ಟರ್. ಮೂರನೇದಕ್ಕೆ ಒಂದು ಕಾಳು ಕೊಡಬಾರ್ದು," ಎನ್ನುವರು ಮ್ಯಾನೇಜರ್. "ನಾವು ಟ್ಯಾಕ್ಸ್ ಕಟ್ಟೋದು, ಅವ್ರು ಹಡೆಯೋದು."

"ನಮ್ ಎದುರುಗಡೆ ವಠಾರದಲ್ಲಿ ನೋಡಿ ಸಾರ್, ಒಂಬತ್ತು ಜನದ ಕಾರ್ಡಂತೆ. ಇನ್ನಿಬ್ರು ಸಿಕ್ಕಿದ್ರೆ ಕ್ರಿಕೆಟ್ ಟೀಮು. ಅಂಪೈರ್ ಒಬ್ಬ ಬೇಕು ಅಷ್ಟೇ."

ಇದನ್ನು ಹೇಳಿದ ಓನರ್ ತಮ್ಮ ಕಟ್ಟಡಕ್ಕೆ ಏಳು ಕರೆಂಟ್ ಮೀಟರ್ ಹಾಕಿಸಿದ್ದರು. ತಮ್ಮ ಸ್ವಂತ ಮನೆಯನ್ನೇ ಎರಡು ಮೀಟರಿಗೆ ಸೀಳಿಸಿ, ಎರಡೂ ಸರ್ಕಾರದ ಉಚಿತ ಕರೆಂಟಿನ ಮಿತಿಯೊಳಗೆ ಬರುವ ಹಾಗೆ ಮಾಡಿಕೊಂಡಿದ್ದರು. ಒಂದು ಕಡೆ ಫ್ರಿಜ್ಜು, ಇನ್ನೊಂದು ಕಡೆ ಗೀಸರು. "ಎಲ್ಲಾ ಲೀಗಲ್ಲು ಸಿಸ್ಟರ್," ಎಂದು ನಮಗೆ ವಿವರಿಸಿ ಹೇಳಿದ್ದರು. ಆ ಲಾಡು ಎಲ್ಲಿಯದು ಎಂದೂ ಹೇಳುತ್ತೇನೆ. ಮ್ಯಾನೇಜರ ಹೆಂಡತಿ ಹೆಂಗಸರ ಉಚಿತ ಬಸ್ಸಿನಲ್ಲಿ ತಿಂಗಳಿಗೊಂದು ದೇವಸ್ಥಾನಕ್ಕೆ ಹೋಗಿ ತರುತ್ತಿದ್ದ ಪ್ರಸಾದ. ನಾನೂ ಎರಡು ಬಾರಿ ಆಕೆಯ ಪಕ್ಕದ ಸೀಟಿನಲ್ಲಿ ಕೂತು ಹೋಗಿದ್ದೆ. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟನ್ನು ಪರ್ಸಿನಲ್ಲಿ ಮಡಿಸಿಟ್ಟುಕೊಂಡಿದ್ದೆ.

ಅವರು ಹೇಳಿದ ಸಂಸಾರ ನನ್ನ ಮನೆಯ ಎದುರಿನದೇ. ಶೀಟಿನ ಚಾವಣಿಯ ಐದು ಬಾಗಿಲಿನ ವಠಾರ. ಕೊನೆಯ ಬಾಗಿಲು ಅವರದು. ಯಾದಗಿರಿ ಕಡೆಯಿಂದ ಬಂದವರು. ಗಂಡ ಮಾಗಡಿ ರಸ್ತೆಯ ಗ್ರಾನೈಟ್ ಅಂಗಡಿಯಲ್ಲಿ ಕಲ್ಲು ಇಳಿಸುವವನು. ಹೆಂಡತಿ ಮನೆಯಲ್ಲೇ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಾಳೆ. ವಯಸ್ಸಾದ ಅತ್ತೆ, ಸಾಲಾಗಿ ಐದು ಹೆಣ್ಣು, ಆಮೇಲೊಂದು ಗಂಡು. ದಿನಾ ಬೆಳಿಗ್ಗೆ ದೇವರ ಮುಂದೆ ಎರಡು ಊದುಬತ್ತಿ ಹಚ್ಚುವ ನಾನು, ಅದನ್ನು ಹೊಸೆಯುವವಳ ಜೊತೆ ನಾಲ್ಕು ಮಾತು ಆಡಿದವಳಲ್ಲ. ಅವರ ಬಚ್ಚಲ ನೀರು ರಸ್ತೆಗೆ ಬಂದಾಗ ಗದರಿದ್ದು ಬಿಟ್ಟರೆ.

ಆರು ಮಕ್ಕಳು ಹೆಚ್ಚು. ಆಗಲೂ ಹಾಗೆ ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. ಐದನೇ ಹೆರಿಗೆ, ಆರನೇ ಹೆರಿಗೆ ಹೆಣ್ಣಿನ ಮೈಗೆ ಏನು ಮಾಡುತ್ತದೆಂದು ನನ್ನ ಕೈಗಳಿಗೆ ಗೊತ್ತು. ಆದರೆ ಆ ಹೆಂಗಸರ ಜೊತೆ ನಾವು ಹೇಗೆ ನಡೆದುಕೊಂಡೆವು ಎಂಬುದನ್ನು ನಿವೃತ್ತಿಯ ಸನ್ಮಾನದಲ್ಲಿ ಯಾರೂ ಹೇಳುವುದಿಲ್ಲ. ನೋವಿಗೆ ಕಿರುಚಿದರೆ ತೊಡೆಯ ಮೇಲೆ ಒಂದು ಏಟು, "ಮಾಡ್ಕೊಳ್ಳುವಾಗ ಗೊತ್ತಾಗ್ಲಿಲ್ವಾ? ಈಗ ಯಾಕೆ ಕಿರಚ್ತೀಯ?" ಎಂಬ ಮಾತು. ಲೇಬರ್ ವಾರ್ಡಿನಲ್ಲಿ ಅದು ಡೆಟಾಲಿನ ವಾಸನೆಯಷ್ಟೇ ಸಹಜ. ಆಯಾ ಹೇಳುತ್ತಿದ್ದಳು, ಡಾಕ್ಟರ್ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಒಂದೆರಡು ಸಲವಲ್ಲ.

ಬೆಂಚಿನಲ್ಲಿ ಒಂದು ದಿನ ಓನರ್ ಹೊಸ ಮಾತು ತೆಗೆದರು. ಕಾರ್ಡಿನಲ್ಲಿ ಒಂಬತ್ತು ಜನ ಇದ್ದಾರೆ, ಮನೆಯಲ್ಲಿ ಅಷ್ಟು ಜನ ಇಲ್ಲ, ಹೆಚ್ಚಿನ ಅಕ್ಕಿಯನ್ನು ಸ್ಕೂಟರಿನಲ್ಲಿ ಬರುವವನಿಗೆ ಮಾರುತ್ತಾರೆ.

"ನೀವು ಕಣ್ಣಾರೆ ನೋಡಿದ್ರಾ ಸಾರ್?" ಎಂದೆ.

"ನೋಡ್ಬೇಕಾ ಸಿಸ್ಟರ್? ಎಲ್ಲಾರೂ ಮಾರ್ತಾರೆ."

"ಊಹೆ ಮೇಲೆ ಮಾತಾಡ್ಬಾರ್ದು. ಎಣಿಸ್ಬೇಕು."

ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನೇ ಎಣಿಸುತ್ತೇನೆ ಎಂದುಬಿಟ್ಟೆ.

ನಮ್ಮ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಬಾಣಂತಿಗೆ ಒಬ್ಬರೇ ಜೊತೆಗಾರರು. ಆದರೆ ಅಜ್ಜಿ, ಅತ್ತೆ, ನಾದಿನಿ ಎಂದು ನುಗ್ಗಿಬಿಡುತ್ತಿದ್ದರು, ನಮ್ಮನ್ನು ಕಂಡರೆ ಮಂಚದ ಕೆಳಗೆ ಕೂತುಬಿಡುತ್ತಿದ್ದರು. ಒಳಗೆ ಹೋಗಿ ಹುಡುಕುವುದು ಎಲ್ಲಿ ಸಾಧ್ಯ? ಬಾಗಿಲಲ್ಲಿ ಜೊತೆಗಾರರು ಬಿಟ್ಟ ಚಪ್ಪಲಿ ಎಣಿಸುತ್ತಿದ್ದೆ. ಇಪ್ಪತ್ತು ಹಾಸಿಗೆಗೆ ಮೂವತ್ತೊಂದು ಜೊತೆ ಇದ್ದರೆ ಹನ್ನೊಂದು ಜನ ಹೆಚ್ಚು. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಹೊಸ ನರ್ಸುಗಳಿಗೂ ಕಲಿಸಿದ್ದೆ.

ಅದನ್ನೇ ಮಾಡಿದೆ. ನಾಲ್ಕು ದಿನ, ಬೆಳಿಗ್ಗೆ ಐದೂವರೆಗೆ ರಂಗೋಲಿ ಡಬ್ಬಿ ಕೈಯಲ್ಲಿ ಹಿಡಿದು, ಎದುರಿನ ಕೊನೆಯ ಬಾಗಿಲು ನೋಡಿದೆ. ಎಲ್ಲರೂ ಮಲಗಿರುವ ಹೊತ್ತು. ನಾಲ್ಕು ದಿನವೂ ಆರು ಜೊತೆ. ಐದಲ್ಲ, ಏಳಲ್ಲ.

"ಆರು," ಎಂದು ಬೆಂಚಿನಲ್ಲಿ ವರದಿ ಕೊಟ್ಟೆ. ಮ್ಯಾನೇಜರ್ ತೊಡೆ ತಟ್ಟಿದರು. ಅರ್ಜಿ ಕೈಬರಹದಲ್ಲಿದ್ದರೆ ತೂಕ ಹೆಚ್ಚು, ನಿಮ್ಮ ಅಕ್ಷರ ಚೆನ್ನಾಗಿದೆ ಎಂದರು. ನಾನು ಬರೆದೆ. ಗೆರೆ ಹಾಕಿದ ಹಾಳೆ, ಎಡಕ್ಕೆ ಅಂಚು ಬಿಟ್ಟು, ವಿಷಯ, ಉಲ್ಲೇಖ ಎಲ್ಲ ಕ್ರಮವಾಗಿ. 'ಸದರಿ ಮನೆಯಲ್ಲಿ ವಾಸ್ತವವಾಗಿ ಇರುವವರು ಆರು ಮಂದಿ ಮಾತ್ರ ಎಂಬುದನ್ನು ಸತತ ನಾಲ್ಕು ದಿನ ಪರಿಶೀಲಿಸಿ ಖಚಿತಪಡಿಸಿಕೊಳ್ಳಲಾಗಿದೆ.' ಕೊನೆಗೆ 'ಮಕ್ಕಳ ಸಂಖ್ಯೆಯನ್ನೇ ಆದಾಯ ಮಾಡಿಕೊಂಡಿರುವ ಇಂಥವರಿಂದ' ಎಂಬ ಸಾಲು ಓನರ್ ಹೇಳಿ ಬರೆಸಿದ್ದು. ಬರೆದದ್ದು ನನ್ನ ಕೈ. ಹೆಸರು ಹಾಕಲಿಲ್ಲ, 'ಇಂತಿ, ನೊಂದ ನಿವಾಸಿಗಳು'. ನಮಗೆ ಯಾವ ನೋವು ಇತ್ತೋ ಆ ದೇವರೇ ಬಲ್ಲ.

ಮೂರು ವಾರದ ಮೇಲೆ ಆಹಾರ ಇಲಾಖೆಯವನೊಬ್ಬ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಹೋದ. ಹೆಣ್ಣುಮಕ್ಕಳು ಶಾಲೆಗೆ ಹೋಗಿದ್ದರು, ಗಂಡ ಕೆಲಸಕ್ಕೆ. ಅತ್ತೆ, ಸೊಸೆ, ಚಿಕ್ಕ ಗಂಡುಮಗು, ಮೂವರು ಕಂಡರು. ಮೂರು ಎಂದು ಬರೆದುಕೊಂಡ. ನಾನು ಆರು ಎಂದಿದ್ದೆ, ಅವನು ಮೂರು ಎಂದ. ಇಬ್ಬರೂ ಸರ್ಕಾರದ ಅನ್ನ ತಿಂದು ಎಣಿಸುವುದನ್ನು ಕಲಿತವರು. ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಆಕೆಯ ಕಾರ್ಡಿನ ನಂಬರ್ ಒತ್ತಿದರೆ ಮಿಷನ್ನು ತಡೆಹಿಡಿಯಲಾಗಿದೆ ಎಂದು ತೋರಿಸಿತು. ಒಂಬತ್ತು ಜನರ ಅಕ್ಕಿ ನಿಂತಿತು.

ಅದರ ಮುಂದಿನ ತಿಂಗಳ ಒಂದು ಭಾನುವಾರ ಹತ್ತು ಗಂಟೆಗೆ ಆಕೆ ನನ್ನ ಗೇಟಿನ ಹೊರಗೆ ನಿಂತು ಕೂಗಿದಳು. ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ.

"ಅಕ್ಕಾರ, ಆಫೀಸಿನ್ಯಾಗ ಈ ಕಾಗದ ಕೊಟ್ಟಾರ್ರಿ. ಇದಕ್ಕ ಜವಾಬು ಕೊಡು ಅಂತಾರ. ಏನ್ ಬರದಾರಂತ ಸ್ವಲ್ಪ ಓದಿ ಹೇಳ್ರಿ."

ನೋಡಿದೆ. ನನ್ನ ಅಕ್ಷರ.

"ನಿನ್ನ ಮಗಳು ಹೈಸ್ಕೂಲ್ ಅಲ್ವಾ, ಓದಿ ಹೇಳ್ಲಿಲ್ವಾ?" ಎಂದೆ. ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ.

"ಆಕಿಗಿ ಬರ್ತದ್ರಿ. ಖರೇ ಇದ್ರಾಗ ಏನರ ಹೊಲಸ ಬರದಿದ್ರ? ಆಕಿ ಬಾಯಾಗ ಓದ್ಸೂದು ಬ್ಯಾಡ ಅನಿಸ್ತು."

ಆಕೆಯನ್ನು ಒಳಗೆ ಕರೆದು ಕೂರು ಎಂದೆ. ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಓದಿದೆ. ನನ್ನ ಸ್ವಂತ ವಾಕ್ಯಗಳನ್ನು ನನ್ನದೇ ಗಂಟಲಿನಿಂದ, ಅರ್ಜಿ ಭಾಷೆ ಬಿಡಿಸಿ ಬಿಡಿಸಿ ಆಕೆಗೆ ಅರ್ಥವಾಗುವಂತೆ. ಮಕ್ಕಳನ್ನೇ ಆದಾಯ ಮಾಡಿಕೊಂಡವರು ಎಂಬ ಸಾಲಿಗೆ ಬಂದಾಗ ನುಂಗಿಬಿಡೋಣವೆನ್ನಿಸಿತು. ಆದರೆ ವಾರ್ಡಿನ ರಿಪೋರ್ಟ್ ಅರ್ಧ ಓದುವ ಅಭ್ಯಾಸ ನನಗಿಲ್ಲ. ಅದನ್ನೂ ಓದಿದೆ.

ಆಕೆ ಹಾಳೆಯನ್ನು ಇಸಿದುಕೊಂಡು ಹತ್ತಿರ ಹಿಡಿದು ನೋಡಿದಳು. "ಅಕ್ಷರ ನೋಡ್ರಿ, ಮುತ್ತು ಪೋಣಿಸಿದಂಗ ಅದಾವ. ಇಷ್ಟು ಛಂದ ಕಲಿಸಿದ ಮಾಸ್ತರು ಲೆಕ್ಕ ಕಲಿಸೂದು ಮರ್ತಾರ." ಹಾಳೆ ಮಡಿಸುತ್ತ, "ಆರು ಮಂದಿ ಅಂತ ಎಲ್ಲಿಂದ ಬಂತ್ರಿ ಇವರಿಗೆ?" ಎಂದಳು.

"ಚಪ್ಪಲಿ ಎಣಿಸಿ."

"ನಿಮಗ ಹ್ಯಾಂಗ ಗೊತ್ತು?"

"ಎಣಿಸಿದವಳು ನಾನೇ. ಬರೆದವಳೂ ನಾನೇ."

ಆಕೆ ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಮುಖವನ್ನೇ ನೋಡಿದಳು, ತರಕಾರಿ ಕೆಟ್ಟಿದೆಯೋ ಎಂದು ನೋಡುವ ಹಾಗೆ.

"ಆ ಹಸರು ಚಪ್ಪಲಿ ಮೂರು ಹುಡುಗ್ಯಾರ್ದು ಸೇರಿ ಒಂದ ಐತ್ರಿ. ನೀರಿಗೆ ಹೋಗಾಕಿ ಹಾಕೊಂಡ ಹೋಗ್ತಾಳ. ಸಣ್ಣಾಂವಗ ಚಪ್ಪಲೀನ ಇಲ್ಲ. ಶಾಲಿ ಬೂಟು ಒಳಗ ಇಡ್ತೀವಿ, ಹೊರಗ ಇಟ್ರ ಕಳವಾಗ್ತಾವ." ಬಾಗಿಲು ದಾಟುತ್ತ ಒಂದು ಮಾತು ಹೇಳಿದಳು. "ಎಣಸೂದಿದ್ರ ಒಳಗ ಬಂದು ತಲಿ ಎಣಿಸಬೇಕಿತ್ತರಿ ಅಕ್ಕಾರ. ಹತ್ತು ಹೆಜ್ಜಿ ಇತ್ತು."

ಒಬ್ಬರಿಗೆ ಒಂದು ಜೊತೆ ಎಂಬುದು ನನಗೆ ಉಸಿರಾಟದಷ್ಟು ಖಚಿತವಾದ ಸಂಗತಿಯಾಗಿತ್ತು. ಮೂರು ಜನಕ್ಕೆ ಒಂದು ಜೊತೆ ಇರಬಹುದು ಎಂಬ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಆಸ್ಪತ್ರೆಗೆ ಬರುವಾಗ ಪಕ್ಕದ ಮನೆಯವರ ಚಪ್ಪಲಿಯಾದರೂ ಹಾಕಿಕೊಂಡು ಬರುತ್ತಾರೆ. ಅದಕ್ಕೇ ಅಲ್ಲಿ ನನ್ನ ಲೆಕ್ಕ ಸರಿ ಬರುತ್ತಿತ್ತು.

ಮಾರನೆಯ ದಿನ ಬೆಂಚಿಗೆ ಎರಡನೇ ಅರ್ಜಿ ಬರೆದುಕೊಂಡು ಹೋದೆ. ನಮ್ಮ ಮಾಹಿತಿ ತಪ್ಪು, ದೂರು ವಾಪಸ್ ಪಡೆಯುತ್ತೇವೆ ಎಂದು. ಈ ಸಲ ಹೆಸರು ಹಾಕಿ ಸಹಿ ಮಾಡಿ ಎಂದೆ.

"ಏನ್ ಸಿಸ್ಟರ್, ಸೆಂಟಿಮೆಂಟಲ್ ಆಗ್ಬಿಟ್ರಿ," ಎಂದರು ಮ್ಯಾನೇಜರ್. "ಆರೋ ಒಂಬತ್ತೋ, ಪಾಯಿಂಟ್ ಅದಲ್ಲ."

"ನಾವು ಬರೆದಿದ್ದ ಪಾಯಿಂಟ್ ಅದೇ ಅಲ್ವಾ ಸಾರ್?"

ಓನರ್ ನಕ್ಕರು. "ಒಂಬತ್ತು ಅಂದ್ರೆ ಇನ್ನೂ ಕೆಟ್ಟದ್ದು ತಾನೇ? ಲಾಡು ತಗೊಳ್ಳಿ."

ಲಾಡು ಅಂಗೈಗೆ ಬಂತು. ಅದರ ತುಪ್ಪ ಬೆರಳಿಗೆ ಅಂಟಿದ್ದು ನೆನಪಿದೆ. ಬೆಂಚಿನ ಮೇಲೇ ಇಟ್ಟು ಎದ್ದೆ. ಆಮೇಲೆ ಅಲ್ಲಿ ಕೂತಿಲ್ಲ.

ಅರ್ಜಿಯನ್ನು ಒಬ್ಬಳೇ ಸಹಿ ಮಾಡಿ, ಆಕೆಯನ್ನು ಕರೆದುಕೊಂಡು ಆಹಾರ ಇಲಾಖೆಯ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ನನ್ನ ಅರ್ಜಿಯನ್ನು ತಿರುಗಿಸಿ ಕೂಡ ನೋಡಲಿಲ್ಲ. "ಕಂಪ್ಲೇಂಟ್ ವಾಪಸ್ ತಗೊಳ್ಳೋ ಆಪ್ಷನ್ ಸಿಸ್ಟಮ್ಮಲ್ಲಿ ಇಲ್ಲ ಆಂಟಿ. ಕಾರ್ಡಲ್ಲಿರೋ ಎಲ್ಲಾರೂ ಒಟ್ಟಿಗೆ ಅಂಗಡಿಗೆ ಬಂದು ಬೆರಳು ಕೊಡ್ಲಿ. ಈ ತಿಂಗಳ ಕೊನೆ ಒಳಗೆ. ಯಜಮಾನಿ ಬೆರಳು ಬರ್ಲಿಲ್ಲ ಅಂದ್ರೆ ಕಾರ್ಡೇ ಕ್ಯಾನ್ಸಲ್ಲು." ಒಂದು ಸುಳ್ಳು ಹೇಳಲು ನೊಂದ ನಿವಾಸಿಗಳು ಸಾಕು. ಅದನ್ನು ತಿದ್ದಲು ಒಂಬತ್ತು ಜನ ಬೆರಳು ಒತ್ತಬೇಕು.

ಕಾರ್ಡಿನ ಯಜಮಾನಿ ಆಕೆ. ಆಕೆ ತನ್ನ ಎರಡು ಹೆಬ್ಬೆರಳನ್ನು ನನ್ನ ಮುಂದೆ ಹಿಡಿದಳು. ಹದಿಮೂರು ವರ್ಷ ಊದುಬತ್ತಿ ಹೊಸೆದ ಕೈ. ಕರ್ರಗೆ, ನುಣ್ಣಗೆ, ಗೆರೆಗಳೇ ಇಲ್ಲ. ಮೊದಲಿನಿಂದಲೂ ಮಿಷನ್ನು ಅವಳ ಬೆರಳನ್ನು ಹಿಡಿಯುತ್ತಿರಲಿಲ್ಲವಂತೆ. ತಿಂಗಳು ತಿಂಗಳು ದೊಡ್ಡ ಮಗಳು ಬೆರಳು ಕೊಟ್ಟು ಅಕ್ಕಿ ತರುತ್ತಿದ್ದಳು.

ನಾಲ್ಕು ದಿನ ಮಣೆ ಮುಟ್ಟಬೇಡ ಎಂದು ಹೇಳಿದೆ. ಬಿಸಿನೀರು, ಕಡಲೆಹಿಟ್ಟು, ಕೊಬ್ಬರಿ ಎಣ್ಣೆ, ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ.

"ಮಣಿ ಮುಟ್ಲಿಲ್ಲಂದ್ರ ಮಾಲು ಯಾರು ಕೊಡ್ತಾರ್ರಿ? ನೀವು ಹೊಸಿತೀರೇನು?"

ಸರಿ ಎಂದು ಕೂತೆ. ಅತ್ತೆ ಒಂದು ಕಡೆ, ನಾನು ಒಂದು ಕಡೆ. ಮೊದಲ ಬಾರಿ ಆ ಮನೆಯ ಒಳಗೆ ಕಾಲಿಟ್ಟದ್ದು ಆಗ. ಎಡಗೈಯಲ್ಲಿ ಕಡ್ಡಿಯ ತುದಿ ಹಿಡಿದು, ಬಲ ಅಂಗೈಯಲ್ಲಿ ಕರಿ ಹಿಟ್ಟನ್ನು ಅದಕ್ಕೆ ಸುತ್ತುವಂತೆ ಉರುಳಿಸಬೇಕು. ನನ್ನವು ಹೊಟ್ಟೆ ಉಬ್ಬಿದ ಹಾವಿನ ಹಾಗೆ ಆದವು. ಅತ್ತೆ ಒಂದನ್ನು ಎತ್ತಿ ಹಿಡಿದು, "ಇದು ಎಷ್ಟು ತಿಂಗಳದ್ದವ್ವಾ?" ಎಂದು ಕೇಳಿದಳು. ಮೊಮ್ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮಾಲು ಒಯ್ಯುವವನು ನನ್ನ ಕಟ್ಟನ್ನು ಪಕ್ಕಕ್ಕೆ ಎಸೆದು ಹೋದ.

ಅಕ್ಕಿ ಇಲ್ಲದ ಆ ತಿಂಗಳಿಗೆ ಎಂದು ನಮ್ಮ ಮನೆಯ ಅಕ್ಕಿ ಒಯ್ದಿದ್ದೆ. "ಬ್ಯಾಡ್ರಿ," ಎಂದಳು ಆಕೆ. "ನಿಮ್ಮದು ಸಣ್ಣಕ್ಕಿ. ತಿಂದ್ರ ತಿಂದಂಗ ಆಗಂಗಿಲ್ಲ." ಅವರು ಅಂಗಡಿಯಿಂದ ಜೋಳದ ನುಚ್ಚು ಕೊಂಡು ತಂದು ದಿನ ನೂಕುತ್ತಿದ್ದರು. ಆಪರೇಷನ್ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳದಿದ್ದರೂ ಅವಳೇ ಹೇಳಿದಳು. ಮೂರನೆಯದಾದ ಮೇಲೆ ಮಾಡಿಸಿಕೊಳ್ಳಬೇಕೆಂದಿದ್ದಳಂತೆ. ಆದರೆ ಹೆರಿಗೆಯಲ್ಲಿ ನರ್ಸಮ್ಮ ಆಡಿದ ಮಾತಿಗೆ ಮತ್ತೆ ಆ ದವಾಖಾನೆಯ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲವಂತೆ. ಉಳಿದ ಮೂರು ಮಕ್ಕಳೂ ಊರಿನ ಮನೆಯಲ್ಲೇ ಹುಟ್ಟಿದವು. ಯಾವ ಮಾತು ಎಂದು ನಾನು ಕೇಳಬೇಕಾಗಿರಲಿಲ್ಲ. ಆ ದಿನ ಮನೆಗೆ ಬಂದು ಬಾಯಿ ಮುಕ್ಕಳಿಸಿದೆ, ಕೈ ತೊಳೆಯುವುದಕ್ಕೂ ಮೊದಲು.

ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಎಂಟಕ್ಕೆ, ಒಂಬತ್ತು ಜನರನ್ನೂ ಸಾಲಾಗಿ ನಡೆಸಿಕೊಂಡು ನ್ಯಾಯಬೆಲೆ ಅಂಗಡಿಗೆ ಹೋದೆ. ಗಂಡ ಅರ್ಧ ದಿನದ ಕೂಲಿ ಬಿಟ್ಟಿದ್ದ. ಕ್ಯೂನಲ್ಲಿ ಹಿಂದಿನವರು ಗೊಣಗಿದರು.

"ಏನ್ ಗುರು, ಮದುವೆ ದಿಬ್ಬಣನಾ?"

"ಇವ್ರಿಗೇ ಅಂಗಡಿ ಖಾಲಿ ಆಗುತ್ತೆ ಕಣೋ."

ಏಳು ಜನರ ಬೆರಳು ಸಲೀಸಾಗಿ ಹೋಯಿತು. ಅತ್ತೆಯದು ಕೂಡ ಮೂರನೇ ಸಲಕ್ಕೆ ಬಂತು. ಸೊಸೆಯ ಬಲ ಹೆಬ್ಬೆರಳು, ಕೆಂಪು ದೀಪ. ಎಡ ಹೆಬ್ಬೆರಳು, ಕೆಂಪು. ತೋರು ಬೆರಳು, ಕೆಂಪು. ನನ್ನ ನಾಲ್ಕು ದಿನದ ಎಣ್ಣೆ, ಕಡಲೆಹಿಟ್ಟು ಏನೂ ಮಾಡಿರಲಿಲ್ಲ.

"ಬರಲ್ಲ ಅಮ್ಮ. ಇವ್ರನ್ನ ಆಮೇಲೆ ನೋಡೋಣ," ಎಂದ ಅಂಗಡಿಯವನು.

"ಆಮೇಲೆ ಇಲ್ಲ ಕಣಪ್ಪ. ಇವತ್ತೇ ಕೊನೆ."

ಆಗ ನನಗೆ ಮಣೆ ನೆನಪಾಯಿತು. ನಾಲ್ಕು ದಿನ ಹೊಸೆದು ನನ್ನ ಕೈ ಎಲ್ಲ ಕರ್ರಗಾಗಿದ್ದರೂ ಎರಡು ಬೆರಳು ಶುಭ್ರವಾಗಿದ್ದವು. ಕಡ್ಡಿಯ ತುದಿ ಹಿಡಿಯುವಾಗ ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಮೇಲಕ್ಕೆ ಎದ್ದೇ ಇರುತ್ತವೆ, ಕೆಲಸಕ್ಕೆ ಬರುವುದಿಲ್ಲ. "ಎಡಗೈ ಉಂಗುರದ ಬೆರಳು ಇಡು," ಎಂದೆ. ಸೀರೆಯ ಸೆರಗಿನಿಂದ ಒರೆಸಿ ನಾನೇ ಹಿಡಿದು ಒತ್ತಿದೆ, ವಾರ್ಡಿನಲ್ಲಿ ಆಗತಾನೇ ಹುಟ್ಟಿದ ಮಗುವಿನ ಅಂಗಾಲಿನ ಗುರುತು ತೆಗೆಯುವ ಹಾಗೆ, ಮಧ್ಯದಿಂದ ಅಂಚಿಗೆ.

ಹಸಿರು ದೀಪ ಹತ್ತಿತು.

ಅಂಗಡಿಯವನು ಅಕ್ಕಿ ತೂಗಿದ. ಹೋದ ತಿಂಗಳದ್ದು ಕೇಳಿದರೆ, "ಅದು ಲ್ಯಾಪ್ಸ್ ಆಯ್ತು," ಎಂದ. ಆಕೆ ನನ್ನ ಕಡೆ ನೋಡದೆ ಚೀಲದ ಬಾಯಿ ಕಟ್ಟಿದಳು.

ಮನೆಗೆ ಬರುವ ದಾರಿ ಪಾರ್ಕಿನ ಪಕ್ಕದಲ್ಲೇ. ಶನಿವಾರ ಅವರು ಒಂಬತ್ತರವರೆಗೂ ಕೂರುತ್ತಾರೆ. ಕಂಬಿಯ ಆಚೆ ಬೆಂಚು, ಬೆಂಚಿನ ಮೇಲೆ ಪ್ರಸಾದದ ಕವರು. ಗಂಡ ತಲೆಯ ಮೇಲೆ ಒಂದು ಮೂಟೆ ಹೊತ್ತು ಮುಂದೆ ನಡೆಯುತ್ತಿದ್ದ. ಇನ್ನೊಂದು ಚೀಲವನ್ನು ಆಕೆ, ದೊಡ್ಡ ಮಗಳು ಹಿಡಿದಿದ್ದರು.

"ಏನ್ ಸಿಸ್ಟರ್, ಟೀಮಿಗೆ ಮ್ಯಾನೇಜರ್ ಆದ್ರಾ?" ಎಂದು ಓನರ್ ಕೂಗಿದರು.

ನಾನು ನಿಂತೆ. ಇಡೀ ವಾರ್ಡಿಗೆ ಕೇಳಿಸುವ ನನ್ನ ಹಳೆಯ ದನಿ ಇನ್ನೂ ಇದೆ. "ಎಣಿಸಿ ಸಾರ್. ನನ್ನ ಲೆಕ್ಕ ತಪ್ಪಿತ್ತು, ನೀವಾದ್ರೂ ಸರಿಯಾಗಿ ಎಣಿಸಿ. ಒಂದು, ಅವರ ಯಜಮಾನ್ರು. ಎರಡು, ಅಜ್ಜಿ. ಮೂರು..."

ಓನರ್ ಫೋನು ನೋಡತೊಡಗಿದರು. ಮ್ಯಾನೇಜರ್ ಕವರಿನೊಳಗೆ ಕೈ ಹಾಕಿದರು. ಇಬ್ಬರ ತುಟಿಯ ಮೇಲೂ ಲಾಡಿನ ಪುಡಿ. ನಾಲ್ಕು, ಐದು ಎಂದು ನಾನು ಬೆರಳು ತೋರಿಸುತ್ತ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಹುಡುಗಿಯರು ನಾಚಿ ಒಬ್ಬರ ಹಿಂದೊಬ್ಬರು ಅವಿತುಕೊಂಡರು. ನಡುವಿನವಳ ಕಾಲಲ್ಲಿ ಹಸಿರು ಚಪ್ಪಲಿ. ಆ ಜೊತೆಯಲ್ಲಿ ಪಾಲಿದ್ದ ಇನ್ನಿಬ್ಬರು ಅಕ್ಕತಂಗಿಯರು ಜಲ್ಲಿ ಎದ್ದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ನನ್ನ ಎಣಿಕೆ ಮುಗಿಯಲೆಂದು ಆ ಮಕ್ಕಳು ಕಾಲು ಬದಲಿಸುತ್ತಿದ್ದುದು ಆಗ ಕಂಡಿತು.

"ಎಣಿಸಿದ್ದು ಸಾಕ್ರಿ ಅಕ್ಕಾರ," ಎಂದಳು ಆಕೆ. "ಹುಡುಗಿ ಕೈ ಸೋತದ. ಈ ಚೀಲದ ಆ ಕಡಿ ತುದಿ ಹಿಡೀರಿ."

ಹಿಡಿದೆ.